ಹಸಿದಾಗ ಉಣ್ಣುವ ಹಕ್ಕು: ಇನ್ಸುಲಿನ್ ಪಂಪಿನ ಒಂದು ಚರಿತ್ರೆ

ನನಗಾಗ ಹನ್ನೆರಡು ವರ್ಷ. ತಿಪಟೂರು ಸೀಮೆಯ ನಮ್ಮೂರಿನಲ್ಲಿ ಸೋದರಮಾವನ ಮದುವೆ. ಧಾರೆ ಮುಗಿದು ಬಹಳ ಹೊತ್ತಾದರೂ ಊಟದ ಪಂಕ್ತಿ ಕೂರಲಿಲ್ಲ. ಹೆಣ್ಣಿನ ಕಡೆಯ ನೆಂಟರ ಬಸ್ಸೊಂದು ದಾರಿಯಲ್ಲಿ ಕೆಟ್ಟು ನಿಂತಿತ್ತು. ಅವರು ಬರದೆ ಎಲೆ ಹಾಕುವುದು ಸರಿಯಲ್ಲವೆಂದು ಹಿರಿಯರು ಕಾಯುತ್ತಿದ್ದರು. ಒಲೆಯ ಕಡೆಯಿಂದ ಹೋಳಿಗೆಯ ಘಮ ಬರುತ್ತಿತ್ತು. ಎಲ್ಲರಿಗೂ ಹಸಿವಾಗಿತ್ತು, ನನಗೆ ಮಾತ್ರ ಹಸಿವಿನ ಜೊತೆಗೆ ಬೇರೇನೋ ಆಗುತ್ತಿತ್ತು. ಬೆಳಿಗ್ಗೆ ಏಳೂವರೆಗೆ ಅಮ್ಮ ಚುಚ್ಚಿದ್ದ ಇನ್ಸುಲಿನ್ ಮಧ್ಯಾಹ್ನದ ಊಟದ ಹೊತ್ತಿಗೆ ಸರಿಯಾಗಿ ಜೋರಾಗುವಂಥದ್ದು. ಬಸ್ಸು ಕೆಟ್ಟಿರುವ ಸುದ್ದಿ ಅದಕ್ಕೆ ಗೊತ್ತಿಲ್ಲ. ಬೆವರು ಸುರಿಯಿತು, ಕೈ ನಡುಗಿತು, ಯಾರೋ ಮಾತಾಡಿಸಿದರೆ ಏನು ಹೇಳಬೇಕೆಂದು ತೋಚಲಿಲ್ಲ. ಅಜ್ಜಿ ಉಗ್ರಾಣದಿಂದ ಹಿಡಿ ಸಕ್ಕರೆ ತಂದು ಬಾಯಿಗೆ ಹಾಕಿ, “ನುಂಗು ಮಗಾ, ನುಂಗು” ಎನ್ನುತ್ತಿದ್ದದ್ದಷ್ಟೇ ನೆನಪಿದೆ.

ಸುತ್ತ ನೆರೆದವರು ಏನಾಯಿತೆಂದು ಕೇಳಿದಾಗ ಅಮ್ಮ ಕೊಟ್ಟ ಉತ್ತರ ಇನ್ನೂ ಚೆನ್ನಾಗಿ ನೆನಪಿದೆ: “ಏನಿಲ್ಲ, ಪಿತ್ತ ಆಗಿದೆ ಅಷ್ಟೆ.” ಹೆಣ್ಣು ಮಗು, ನಾಳೆ ಮದುವೆ ಮಾಡಬೇಕು, ಶುಗರ್ ಅಂತ ಊರಿಗೆಲ್ಲ ಗೊತ್ತಾಗುವುದು ಬೇಡ. ಅಮ್ಮನನ್ನು ನಾನು ಯಾವತ್ತೂ ತಪ್ಪು ತಿಳಿದಿಲ್ಲ. ಆದರೆ ಆ ದಿನ ಎರಡು ಪಾಠ ಒಟ್ಟಿಗೇ ಕಲಿತೆ. ಒಂದು, ನನ್ನ ಊಟದ ಹೊತ್ತು ನನ್ನದಲ್ಲ. ಎರಡು, ಅದನ್ನು ಯಾರಿಗೂ ಹೇಳಬಾರದು.

ಈಗ ನಾನು ಇತಿಹಾಸದ ಸಂಶೋಧನಾ ವಿದ್ಯಾರ್ಥಿ. ನನ್ನ ವಿಷಯ 1876–78ರ ಬರಗಾಲದಲ್ಲಿ ಮೈಸೂರು ಸಂಸ್ಥಾನದ ಗಂಜಿ ಕೇಂದ್ರಗಳು. ನಮ್ಮ ಹಿರಿಯರು ಧಾತು ಈಶ್ವರ ಬರ ಎಂದು ಕರೆಯುತ್ತಿದ್ದದ್ದು. ಒಬ್ಬ ಮನುಷ್ಯನಿಗೆ ದಿನಕ್ಕೆ ಎಷ್ಟು ಧಾನ್ಯ ಕೊಟ್ಟರೆ ಸಾಯುವುದಿಲ್ಲ ಎಂದು ಅಧಿಕಾರಿಗಳು ವಾದಿಸುವ ಕಡತಗಳನ್ನು ಓದುತ್ತಾ ಕೂತಿರುವಾಗ ನನ್ನ ಸೊಂಟದಲ್ಲಿ ಸಿಕ್ಕಿಸಿಕೊಂಡಿರುವ ಇನ್ಸುಲಿನ್ ಪಂಪ್ ಒಮ್ಮೊಮ್ಮೆ ಬೀಪ್ ಎನ್ನುತ್ತದೆ. ಹಸಿವನ್ನು ಅಳೆದು ತೂಗಿ ಕೊಡುವ ಇನ್ನೊಂದು ಚರಿತ್ರೆ ನನ್ನ ಮೈಗೇ ಅಂಟಿಕೊಂಡಿದೆಯಲ್ಲ ಎಂದು ಅನ್ನಿಸಲು ತಡವಾಯಿತು. ಅನ್ನಿಸಿದ ಮೇಲೆ ಬಿಡಲಾಗಲಿಲ್ಲ. ಈ ಬರಹ ಆ ಚರಿತ್ರೆಯದು.

ಮೊದಲು ಒಂದು ವಿವರಣೆ. ನಮ್ಮ ಕಡೆ ಶುಗರ್ ಎಂದರೆ ನಡುವಯಸ್ಸು ದಾಟಿದವರಿಗೆ ಬರುವ, ಮಾತ್ರೆಯಲ್ಲಿ ಹಿಡಿತಕ್ಕೆ ಬರುವ ಕಾಯಿಲೆ ಎಂದೇ ಎಲ್ಲರ ತಿಳುವಳಿಕೆ. ಅದು ಟೈಪ್ 2. ನನಗಿರುವುದು ಟೈಪ್ 1. ಹೊಟ್ಟೆಯ ಹಿಂದೆ ಅಡಗಿರುವ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ದೇಹದ ರಕ್ಷಣಾ ವ್ಯವಸ್ಥೆಯೇ ತಪ್ಪಾಗಿ ನಾಶಮಾಡುತ್ತದೆ. ಇದಕ್ಕೂ ಮಗು ಎಷ್ಟು ಸಿಹಿ ತಿಂದಿತು ಎಂಬುದಕ್ಕೂ ಸಂಬಂಧವಿಲ್ಲ. ಇನ್ಸುಲಿನ್ ಇಲ್ಲದಿದ್ದರೆ ತಿಂದ ಅನ್ನದ ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ, ಜೀವಕೋಶಗಳ ಒಳಗೆ ಹೋಗುವುದಿಲ್ಲ. ಉಂಡರೂ ದೇಹ ಉಪವಾಸವೇ ಇರುತ್ತದೆ. ಸಮೃದ್ಧಿಯ ನಡುವಿನ ಬರ ಎಂದರೆ ಇದೇ.

1889ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೆರಿಂಗ್ ಎಂಬಿಬ್ಬರು ನಾಯಿಯೊಂದರ ಮೇದೋಜೀರಕ ಗ್ರಂಥಿ ತೆಗೆದಾಗ ಅದಕ್ಕೆ ಸಕ್ಕರೆ ಕಾಯಿಲೆ ಬಂತು. ಕಾಯಿಲೆಯ ಮನೆ ಯಾವುದೆಂದು ತಿಳಿಯಿತು, ಮದ್ದು ಮಾತ್ರ ತಿಳಿಯಲಿಲ್ಲ. ಮುಂದಿನ ಮೂವತ್ತು ವರ್ಷ ವೈದ್ಯರ ಕೈಯಲ್ಲಿದ್ದ ದೊಡ್ಡ ಉಪಾಯವೆಂದರೆ ಉಪವಾಸ. ಅಮೆರಿಕದ ಡಾ. ಫ್ರೆಡರಿಕ್ ಆಲನ್ 1910ರ ದಶಕದಲ್ಲಿ ಅದನ್ನು ಶಿಸ್ತಿನ ಚಿಕಿತ್ಸೆಯನ್ನಾಗಿ ಮಾಡಿದರು. ಮೂತ್ರದಲ್ಲಿ ಸಕ್ಕರೆ ಕಾಣದಾಗುವವರೆಗೆ ಊಟವಿಲ್ಲ; ಆಮೇಲೆ ದಿನಕ್ಕೆ ಕೆಲವು ನೂರು ಕ್ಯಾಲೊರಿ. ತರಕಾರಿಯಲ್ಲಿರುವ ಅಲ್ಪಸ್ವಲ್ಪ ಪಿಷ್ಟವೂ ಹೋಗಲೆಂದು ಮೂರು ಸಲ ಬೇಯಿಸಿ ನೀರು ಚೆಲ್ಲಿ ಕೊಡುತ್ತಿದ್ದರು. ಆಲನ್ ಕ್ರೂರಿಯಲ್ಲ. ತಿಂಗಳಲ್ಲಿ ಸಾಯುವ ಮಗು ಹೀಗೆ ಮಾಡಿದರೆ ವರ್ಷವೋ ಎರಡು ವರ್ಷವೋ ಬದುಕುತ್ತಿತ್ತು. ಅಷ್ಟರೊಳಗೆ ಯಾರಾದರೂ ಮದ್ದು ಕಂಡುಹಿಡಿಯಬಹುದೆಂಬ ಆಸೆ.

ಆಲನ್ ಅವರ ದಾಖಲೆಗಳಲ್ಲಿ ಹನ್ನೆರಡು ವರ್ಷದ ಒಬ್ಬ ಹುಡುಗನಿದ್ದಾನೆ. ಕಾಯಿಲೆಯಿಂದ ಕಣ್ಣು ಹೋಗಿತ್ತು. ಇಷ್ಟು ಕಡಿಮೆ ಕೊಟ್ಟರೂ ಮೂತ್ರದಲ್ಲಿ ಸಕ್ಕರೆ ಹೇಗೆ ಬರುತ್ತಿದೆಯೆಂದು ವೈದ್ಯರಿಗೆ ತಿಳಿಯಲಿಲ್ಲ. ಕಡೆಗೆ ಗೊತ್ತಾಯಿತು, ಆ ಹುಡುಗ ಹಲ್ಲುಜ್ಜುವ ಪೇಸ್ಟನ್ನೂ ತನ್ನ ಪಂಜರದ ಹಕ್ಕಿಗೆ ಹಾಕುವ ಕಾಳನ್ನೂ ಕದ್ದು ತಿನ್ನುತ್ತಿದ್ದ. ನಾನು ಓದಿದ ಬರಗಾಲದ ಕಡತಗಳಲ್ಲಿ ಇಂಥ ಸಾಲುಗಳು ಬಹಳ ಇವೆ. ಆದರೆ ಈ ಹುಡುಗನ ಊರಿನಲ್ಲಿ ಬರವಿರಲಿಲ್ಲ.

ಮದ್ದು ಬಂದದ್ದು ಕೆನಡಾದ ಟೊರೊಂಟೊದಿಂದ. 1921ರ ಬೇಸಿಗೆಯಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್, ಪ್ರಾಧ್ಯಾಪಕ ಮ್ಯಾಕ್ಲಿಯಡ್ ಅವರ ಪ್ರಯೋಗಾಲಯದಲ್ಲಿ ನಾಯಿಗಳ ಮೇಲೆ ಪ್ರಯೋಗ ಮಾಡಿದರು. 1922ರ ಜನವರಿ 11ರಂದು ಹದಿನಾಲ್ಕು ವರ್ಷದ ಲೆನಾರ್ಡ್ ಥಾಂಪ್ಸನ್‌ಗೆ ಮೊದಲ ಚುಚ್ಚುಮದ್ದು ಕೊಟ್ಟರು. ಮದ್ದು ಶುದ್ಧವಾಗಿರಲಿಲ್ಲ, ಫಲ ಅಷ್ಟಕ್ಕಷ್ಟೆ. ಜೀವರಸಾಯನ ತಜ್ಞ ಜೇಮ್ಸ್ ಕಾಲಿಪ್ ಅದನ್ನು ಶುದ್ಧಿಮಾಡಿದ ಮೇಲೆ ಜನವರಿ 23ರಂದು ಮತ್ತೆ ಕೊಟ್ಟಾಗ ಹುಡುಗ ಚೇತರಿಸಿಕೊಂಡ. ಬ್ಯಾಂಟಿಂಗ್ ಮತ್ತು ಮ್ಯಾಕ್ಲಿಯಡ್ ಅವರಿಗೆ 1923ರಲ್ಲಿ ನೊಬೆಲ್ ಬಂತು. ಪೇಟೆಂಟನ್ನು ಟೊರೊಂಟೊ ವಿಶ್ವವಿದ್ಯಾಲಯಕ್ಕೆ ಒಂದೊಂದು ಡಾಲರಿಗೆ ಬರೆದುಕೊಟ್ಟರು. ಈ ಒಂದು ಡಾಲರನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಈ ಕತೆಯನ್ನು ಪಠ್ಯಪುಸ್ತಕಗಳು ವಿಜ್ಞಾನಿಗಳ ಕತೆಯಾಗಿ ಹೇಳುತ್ತವೆ. ನನ್ನನ್ನು ಕಾಡಿದವಳು ರೋಗಿಗಳಲ್ಲಿ ಒಬ್ಬಳಾದ ಎಲಿಜಬೆತ್ ಹ್ಯೂಸ್. ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಅವರ ಮಗಳು. ಹನ್ನೊಂದನೇ ವಯಸ್ಸಿನಲ್ಲಿ ಕಾಯಿಲೆ ಬಂತು. ನನಗೂ ಅದೇ ವಯಸ್ಸಿಗೆ ಬಂದದ್ದು. ಮೂರು ವರ್ಷ ಆಲನ್ ಅವರ ಉಪವಾಸದಲ್ಲಿ ಬದುಕಿದಳು. 1922ರ ಆಗಸ್ಟ್‌ನಲ್ಲಿ ಬ್ಯಾಂಟಿಂಗ್ ಅವರ ಹತ್ತಿರ ಬಂದಾಗ ಹದಿನೈದು ತುಂಬುತ್ತಿದ್ದ ಹುಡುಗಿಯ ತೂಕ ಸುಮಾರು 20 ಕಿಲೊ. ಇನ್ಸುಲಿನ್ ಶುರುವಾದ ಮೇಲೆ ಅವಳು ತಾಯಿಗೆ ಬರೆದ ಪತ್ರಗಳು ಟೊರೊಂಟೊ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. ಅವುಗಳಲ್ಲಿ ಬಹುಪಾಲು ಊಟದ ಮಾತೇ. ಇವತ್ತು ಇದು ತಿಂದೆ, ನಾಳೆ ಅದು ಕೊಡುತ್ತಾರಂತೆ ಎಂಬ ಸಂಭ್ರಮ.

ಆದರೆ ಎಲಿಜಬೆತ್ ಮುಂದೆ ಮಾಡಿದ್ದು ಚರಿತ್ರೆಯ ವಿದ್ಯಾರ್ಥಿಯನ್ನು ತಲೆಕೆಡಿಸಿಕೊಳ್ಳುವಂತೆ ಮಾಡುತ್ತದೆ. ಓದಿದಳು, ಮದುವೆಯಾದಳು, ಮೂರು ಮಕ್ಕಳ ತಾಯಿಯಾದಳು, ಸಾರ್ವಜನಿಕ ಕೆಲಸಗಳಲ್ಲಿ ದುಡಿದಳು. 1981ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅಂದಾಜು 42,000 ಚುಚ್ಚುಮದ್ದು ತೆಗೆದುಕೊಂಡಿದ್ದಳು. ಇದಿಷ್ಟನ್ನೂ ಗುಟ್ಟಾಗಿಟ್ಟಳು. ತಂದೆಯ ಕಾಗದಪತ್ರಗಳಿಂದ ತನ್ನ ಕಾಯಿಲೆಯ ಪ್ರಸ್ತಾಪವನ್ನು ತೆಗೆದುಹಾಕಿಸಿದಳು. ಇನ್ಸುಲಿನ್ ಶೋಧದ ಚರಿತ್ರೆ ಬರೆಯುತ್ತಿದ್ದ ಮೈಕಲ್ ಬ್ಲಿಸ್ ಎಂಬ ಇತಿಹಾಸಕಾರ ಹುಡುಕಿಕೊಂಡು ಹೋದಾಗಲೇ ಆಕೆ ಇನ್ನೂ ಬದುಕಿದ್ದಾಳೆಂದು ಗೊತ್ತಾದದ್ದು. ವಿಚಿತ್ರವೆಂದರೆ, ಅಮೆರಿಕದ ಸುಪ್ರೀಂ ಕೋರ್ಟಿನ ಇತಿಹಾಸ ಸಂಘದ ಮೊದಲ ಅಧ್ಯಕ್ಷೆ ಇವಳೇ. ದೇಶದ ಚರಿತ್ರೆ ಕಾಪಾಡಲು ಸಂಘ ಕಟ್ಟಿದವಳು ತನ್ನ ಚರಿತ್ರೆಯನ್ನು ತಾನೇ ಅಳಿಸಿದ್ದಳು. ಅದನ್ನು ಓದಿದಾಗ ನನಗೆ ಕೇಳಿಸಿದ್ದು ಅಮ್ಮನ ದನಿ: “ಏನಿಲ್ಲ, ಪಿತ್ತ ಆಗಿದೆ ಅಷ್ಟೆ.”

ಇನ್ಸುಲಿನ್ ಬಂದು ಉಪವಾಸದ ಕಾಲ ಮುಗಿಯಿತು, ಗಡಿಯಾರದ ಕಾಲ ಶುರುವಾಯಿತು. ಮೊದಮೊದಲ ಇನ್ಸುಲಿನ್ ಕೆಲವೇ ಗಂಟೆ ಕೆಲಸ ಮಾಡುತ್ತಿತ್ತು. ಗಾಜಿನ ಸಿರಿಂಜನ್ನು ಕುದಿಸಿ, ಮೊಂಡಾದ ಸೂಜಿಯನ್ನು ಸಾಣೆಕಲ್ಲಿಗೆ ತಿಕ್ಕಿ, ದಿನಕ್ಕೆ ಹಲವು ಸಲ ಚುಚ್ಚಿಕೊಳ್ಳಬೇಕಿತ್ತು. ಈ ಕಷ್ಟಕ್ಕೆ ಪರಿಹಾರ ಡೆನ್ಮಾರ್ಕಿನಿಂದ ಬಂತು. ಅಲ್ಲಿನ ನೊಬೆಲ್ ವಿಜ್ಞಾನಿ ಆಗಸ್ಟ್ ಕ್ರೋಗ್ ಅವರ ಹೆಂಡತಿ ಮರೀ ಸ್ವತಃ ವೈದ್ಯೆ, ಸ್ವತಃ ಸಕ್ಕರೆ ಕಾಯಿಲೆಯವರು. 1922ರಲ್ಲಿ ಗಂಡ ಅಮೆರಿಕಕ್ಕೆ ಹೋದಾಗ ಟೊರೊಂಟೊದ ಮದ್ದನ್ನು ವಿಚಾರಿಸಬೇಕೆಂದು ಒತ್ತಾಯಿಸಿದವರು ಅವರೇ. ಕ್ರೋಗ್ ಜೊತೆ ಸೇರಿ ಇನ್ಸುಲಿನ್ ತಯಾರಿಕೆ ಆರಂಭಿಸಿದ ಹಾಗೆಡೋರ್ನ್ 1936ರಲ್ಲಿ ನಿಧಾನವಾಗಿ ಕರಗುವ ಇನ್ಸುಲಿನ್ ಹೊರತಂದರು. ಚುಚ್ಚುವುದು ಕಡಿಮೆಯಾಯಿತು. ಆದರೆ ಒಮ್ಮೆ ಒಳಗೆ ಹೋದ ನಿಧಾನದ ಇನ್ಸುಲಿನ್ನನ್ನು ವಾಪಸು ಕರೆಯುವಂತಿಲ್ಲ. ಅದು ತನ್ನ ಹೊತ್ತಿಗೆ ತಾನು ಏರುತ್ತದೆ. ಆ ಹೊತ್ತಿಗೆ ನೀವು ಉಂಡಿರಲೇಬೇಕು, ಹಸಿವಿದ್ದರೂ ಇಲ್ಲದಿದ್ದರೂ.

ನಾನು ಬೆಳೆದದ್ದು ಆ ಕಾಲದಲ್ಲೇ. ಟೊರೊಂಟೊದ ಶೋಧದಿಂದ ನನ್ನವರೆಗೆ ಎಂಬತ್ತಕ್ಕೂ ಹೆಚ್ಚು ವರ್ಷ ಕಳೆದಿತ್ತು, ನಮ್ಮ ಅಡುಗೆಮನೆಯಲ್ಲಿ ಮಾತ್ರ ಹಾಗೆಡೋರ್ನ್ ಅವರ ಗಡಿಯಾರವೇ ನಡೆಯುತ್ತಿತ್ತು. ಏಳೂವರೆಗೆ ಸೂಜಿ, ಎಂಟಕ್ಕೆ ತಿಂಡಿ, ಹತ್ತೂವರೆಗೆ ಕ್ಲಾಸಿನಲ್ಲಿ ಮೇಜಿನ ಕೆಳಗೆ ಬಗ್ಗಿ ಎರಡು ಬಿಸ್ಕತ್ತು, ಒಂದು ಗಂಟೆಗೆ ಮುದ್ದೆ, ಸಂಜೆ ಮತ್ತೆ ಸೂಜಿ. ಫ್ರಿಜ್ ಇಲ್ಲದ ವರ್ಷಗಳಲ್ಲಿ ಇನ್ಸುಲಿನ್ ಬಾಟಲಿ ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಮಡಕೆಯಲ್ಲಿ ತಣ್ಣಗಿರುತ್ತಿತ್ತು. ಆಟದ ಪೀರಿಯಡ್ ಇದ್ದ ದಿನ ಅಮ್ಮನಿಗೆ ಆತಂಕ. ಖೋ ಖೋ ಆಡಲು ಮೇಷ್ಟ್ರು ಬಿಡುತ್ತಿರಲಿಲ್ಲ. “ನೀನು ಕೂತ್ಕೊಂಡು ಪಾಯಿಂಟ್ ಬರಿಯಮ್ಮ” ಎನ್ನುತ್ತಿದ್ದರು.

ಆಟಕ್ಕೂ ಇನ್ಸುಲಿನ್ನಿಗೂ ಇರುವ ಈ ಜಗಳ ಹೊಸದಲ್ಲ. ಲಂಡನ್ನಿನ ಡಾ. ಆರ್. ಡಿ. ಲಾರೆನ್ಸ್‌ಗೆ 1920ರಲ್ಲಿ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ಇನ್ನು ಬದುಕುವುದು ಸ್ವಲ್ಪ ಕಾಲವೆಂದು ಇಟಲಿಯ ಫ್ಲಾರೆನ್ಸಿಗೆ ಹೋಗಿ ನೆಲೆಸಿದ್ದರು. 1923ರಲ್ಲಿ ಲಂಡನ್ನಿನ ಸಹೋದ್ಯೋಗಿಯಿಂದ ಇನ್ಸುಲಿನ್ ಬಂದಿದೆ, ಬೇಗ ಬಾ ಎಂಬ ಸುದ್ದಿ ತಲುಪಿದಾಗ, ಆ ಕೃಶ ದೇಹದಲ್ಲೇ ಕಾರು ನಡೆಸಿಕೊಂಡು ಯುರೋಪ್ ದಾಟಿ ಬಂದರು. ವ್ಯಾಯಾಮ ಮಾಡಿದರೆ ಅದೇ ಪ್ರಮಾಣದ ಇನ್ಸುಲಿನ್ ಹೆಚ್ಚು ಜೋರಾಗಿ ಕೆಲಸ ಮಾಡುತ್ತದೆ ಎಂಬುದನ್ನು 1926ರಲ್ಲೇ ಬರೆದವರು ಅವರು. ದುಡಿಯುವ ಸ್ನಾಯು ರಕ್ತದಿಂದ ಸಕ್ಕರೆಯನ್ನು ತಾನೇ ಎಳೆದುಕೊಳ್ಳುತ್ತದೆ. ಜೊತೆಗೆ ಇನ್ಸುಲಿನ್ನೂ ಇದ್ದರೆ ಸಕ್ಕರೆ ಪಾತಾಳಕ್ಕೆ ಇಳಿಯುತ್ತದೆ. ಆರೋಗ್ಯವಂತನ ದೇಹ ಓಡಲು ಶುರುಮಾಡಿದ ಕೂಡಲೇ ಇನ್ಸುಲಿನ್ನನ್ನು ತಗ್ಗಿಸುತ್ತದೆ. ಬೆಳಿಗ್ಗೆ ಚುಚ್ಚಿಕೊಂಡ ಇನ್ಸುಲಿನ್ನನ್ನು ತಗ್ಗಿಸುವುದು ಹೇಗೆ?

ಇಲ್ಲಿಂದ ಪಂಪಿನ ಕತೆ. ಮೇದೋಜೀರಕ ಗ್ರಂಥಿ ಇನ್ಸುಲಿನ್ನನ್ನು ಎರಡು ಬಗೆಯಲ್ಲಿ ಬಿಡುತ್ತದೆ. ಹಗಲೂ ರಾತ್ರಿ ತೊಟ್ಟಿಕ್ಕುವ ಸಣ್ಣ ಧಾರೆ ಒಂದು. ಉಂಡಾಗ ಬರುವ ದೊಡ್ಡ ಅಲೆ ಇನ್ನೊಂದು. ಎರಡು ಹೊತ್ತಿನ ಸೂಜಿ ಇದನ್ನು ಅನುಕರಿಸಲಾರದು. ತೊಟ್ಟಿಕ್ಕುವ ಯಂತ್ರ ಬೇಕು. 1960ರ ದಶಕದ ಆರಂಭದಲ್ಲಿ ಲಾಸ್ ಏಂಜಲೀಸಿನ ಡಾ. ಆರ್ನಲ್ಡ್ ಕಡೀಶ್ ಅಂಥದ್ದೊಂದನ್ನು ಕಟ್ಟಿದರು. ಸೈನಿಕನ ಬೆನ್ನುಚೀಲದಷ್ಟು ದೊಡ್ಡದು. ಅದನ್ನು ಹೊತ್ತು ಬದುಕುವುದು ಸಾಧ್ಯವಿರಲಿಲ್ಲ, ಆದರೆ ಸಾಧ್ಯತೆಯೊಂದು ಕಣ್ಣಿಗೆ ಕಂಡಿತ್ತು.

1970ರ ದಶಕದಲ್ಲಿ ಡೀನ್ ಕೇಮನ್ ಎಂಬ ಕಾಲೇಜು ಹುಡುಗನಿಗೆ ವೈದ್ಯಕೀಯ ಓದುತ್ತಿದ್ದ ಅಣ್ಣ ಒಂದು ತೊಂದರೆ ಹೇಳಿದ. ಎಳೆಯ ಕೂಸುಗಳಿಗೆ ಅತಿ ಸಣ್ಣ ಪ್ರಮಾಣದಲ್ಲಿ, ಎಡೆಬಿಡದೆ ಔಷಧಿ ಕೊಡುವ ಉಪಕರಣವೇ ಇಲ್ಲವಲ್ಲ ಎಂದು. ಕೇಮನ್ ತಂದೆತಾಯಿಯ ಮನೆಯ ನೆಲಮಾಳಿಗೆಯಲ್ಲಿ ಮೈಮೇಲೆ ಧರಿಸಬಹುದಾದ ಸಿರಿಂಜ್ ಪಂಪ್ ಕಟ್ಟಿದ, 1976ರಲ್ಲಿ ಆಟೋಸಿರಿಂಜ್ ಎಂಬ ಕಂಪನಿ ಮಾಡಿದ. ಅದೇ ಪಂಪ್ ಇನ್ಸುಲಿನ್ನಿಗೂ ಒದಗಿತು. ಅದರ ಗಾತ್ರ ನೋಡಿ ಬಳಕೆದಾರರು ಇಟ್ಟ ಅಡ್ಡಹೆಸರು ನೀಲಿ ಇಟ್ಟಿಗೆ. ಇತ್ತ ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ಜಾನ್ ಪಿಕಪ್, ಹ್ಯಾರಿ ಕೀನ್ ಮತ್ತು ಸಂಗಡಿಗರು ಸಣ್ಣ ಪಂಪಿನಿಂದ ಚರ್ಮದ ಕೆಳಗೆ ನಿರಂತರವಾಗಿ ಇನ್ಸುಲಿನ್ ಹರಿಸಿ ಸಕ್ಕರೆಯನ್ನು ಸಹಜ ಮಟ್ಟಕ್ಕೆ ತರಬಹುದೆಂದು 1978ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಪ್ರಕಟಿಸಿದರು. ಮರುವರ್ಷವೇ ಅಮೆರಿಕದ ಯೇಲ್‌ನಲ್ಲಿ ವಿಲಿಯಂ ಟ್ಯಾಂಬರ್‌ಲೇನ್ ತಂಡ ಎಳೆಯ ರೋಗಿಗಳಲ್ಲಿ ಇದನ್ನೇ ತೋರಿಸಿತು.

ಆದರೆ ಎಷ್ಟು ಹರಿಸಬೇಕೆಂದು ತಿಳಿಯಲು ರಕ್ತದಲ್ಲಿ ಸಕ್ಕರೆ ಎಷ್ಟಿದೆ ಎಂದು ಗೊತ್ತಿರಬೇಕು. ಅಲ್ಲಿಯವರೆಗೆ ಮನೆಯಲ್ಲಿ ನೋಡುತ್ತಿದ್ದದ್ದು ಮೂತ್ರವನ್ನು. ಅದು ನಿನ್ನೆಯ ಪತ್ರಿಕೆ ಓದಿದ ಹಾಗೆ. 1970ರ ಸುಮಾರಿಗೆ ರಕ್ತ ಪರೀಕ್ಷಿಸುವ ಮೀಟರ್ ಬಂತು, ಅದೂ ವೈದ್ಯರಿಗೆ ಮಾತ್ರ. ಹನ್ನೆರಡನೇ ವಯಸ್ಸಿನಿಂದ ಕಾಯಿಲೆಯಿದ್ದ ರಿಚರ್ಡ್ ಬರ್ನ್‌ಸ್ಟೈನ್ ಎಂಬ ಎಂಜಿನಿಯರ್‌ಗೆ ಅದನ್ನು ಮಾರಲು ಒಪ್ಪಲಿಲ್ಲ. ಹೆಂಡತಿ ವೈದ್ಯೆಯಾಗಿದ್ದರಿಂದ ಅವರ ಹೆಸರಿನಲ್ಲಿ ತರಿಸಿಕೊಂಡು, ದಿನಕ್ಕೆ ಹಲವು ಸಲ ತನ್ನ ಸಕ್ಕರೆಯನ್ನು ತಾನೇ ನೋಡಿ ಇನ್ಸುಲಿನ್ ಹೊಂದಿಸಿಕೊಂಡರು. ವೈದ್ಯಕೀಯ ಪತ್ರಿಕೆಗಳು ಅವರ ಬರಹವನ್ನು ತಿರಸ್ಕರಿಸಿದವು. ಡಾಕ್ಟರಾಗದೆ ಯಾರೂ ಕೇಳುವುದಿಲ್ಲವೆಂದು ನಲವತ್ತು ದಾಟಿದ ಮೇಲೆ ವೈದ್ಯಕೀಯ ಕಾಲೇಜು ಸೇರಿ ಡಾಕ್ಟರಾದರು. ಈ ಚರಿತ್ರೆಯಲ್ಲಿ ಪದೇಪದೇ ಕಾಣುವ ಮಾದರಿ ಇದು. ಮರೀ ಕ್ರೋಗ್, ಲಾರೆನ್ಸ್, ಬರ್ನ್‌ಸ್ಟೈನ್ ಎಲ್ಲರೂ ಕಾಯಿಲೆಯನ್ನು ಹೊತ್ತವರೇ. ಹೊತ್ತವರು ತಳ್ಳದಿದ್ದರೆ ಗಾಡಿ ಮುಂದೆ ಹೋಗಿಲ್ಲ.

ಇಷ್ಟೆಲ್ಲ ಲೆಕ್ಕ ಹಾಕಿ ಸಕ್ಕರೆಯನ್ನು ಬಿಗಿಹಿಡಿದರೆ ನಿಜಕ್ಕೂ ಲಾಭವಿದೆಯೇ? ವೈದ್ಯರಲ್ಲೇ ಒಮ್ಮತವಿರಲಿಲ್ಲ. ಅಮೆರಿಕ ಮತ್ತು ಕೆನಡಾದ 29 ಕೇಂದ್ರಗಳಲ್ಲಿ 1,441 ಜನರ ಮೇಲೆ ನಡೆದು 1993ರಲ್ಲಿ ಮುಗಿದ ಅಧ್ಯಯನ ಆ ವಾದವನ್ನು ತೀರ್ಮಾನಿಸಿತು. ಪಂಪಿನಿಂದಲೋ ದಿನಕ್ಕೆ ಮೂರ್ನಾಲ್ಕು ಸೂಜಿಯಿಂದಲೋ ಸಕ್ಕರೆಯನ್ನು ಬಿಗಿಹಿಡಿದವರಲ್ಲಿ ಕಣ್ಣಿನ ತೊಂದರೆಯ ಅಪಾಯ 76 ಶೇಕಡಾ, ಮೂತ್ರಪಿಂಡದ್ದು 50 ಶೇಕಡಾ, ನರಗಳದ್ದು 60 ಶೇಕಡಾ ಕಡಿಮೆಯಾಗಿತ್ತು. ಅದೇ ಅಧ್ಯಯನ ಬೆಲೆಯನ್ನೂ ಹೇಳಿತು. ಸಕ್ಕರೆ ವಿಪರೀತ ಇಳಿದು ಇನ್ನೊಬ್ಬರ ಸಹಾಯ ಬೇಕಾಗುವ ಸಂದರ್ಭಗಳು ಮೂರು ಪಟ್ಟು ಹೆಚ್ಚಾಗಿದ್ದವು. ಮದುವೆಮನೆಯಲ್ಲಿ ನನಗಾದದ್ದು ಅಂಥದ್ದೇ.

ನಾನು ಪಂಪ್ ಹಾಕಿಕೊಂಡು ಮೂರು ವರ್ಷವಾಯಿತು. ಇಸ್ಪೀಟಿನ ಕಟ್ಟಿಗಿಂತ ಸ್ವಲ್ಪ ದೊಡ್ಡ ಪೆಟ್ಟಿಗೆ. ಒಳಗೆ ಸುಮಾರು 300 ಯೂನಿಟ್ ಇನ್ಸುಲಿನ್ ಹಿಡಿಯುವ ಸಣ್ಣ ಕೊಳವೆ. ಅಲ್ಲಿಂದ ತೆಳ್ಳನೆಯ ನಳಿಕೆ ಹೊಟ್ಟೆಯ ಚರ್ಮದ ಕೆಳಗೆ ಸೇರುತ್ತದೆ. ಆ ಜಾಗವನ್ನು ಎರಡು ಮೂರು ದಿನಕ್ಕೊಮ್ಮೆ ಬದಲಾಯಿಸಬೇಕು. ಗಂಟೆಗೆ ಒಂದು ಯೂನಿಟ್ಟಿಗೂ ಕಡಿಮೆ ಇನ್ಸುಲಿನ್ ತೊಟ್ಟಿಕ್ಕುತ್ತಿರುತ್ತದೆ. ಉಣ್ಣುವಾಗ ಎಷ್ಟು ಉಣ್ಣುತ್ತೇನೆಂದು ಲೆಕ್ಕಹಾಕಿ ಗುಂಡಿ ಒತ್ತುತ್ತೇನೆ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುವ ದಿನ, ಹತ್ತುವುದಕ್ಕೆ ಒಂದೂವರೆ ಗಂಟೆ ಮೊದಲೇ ಆ ಧಾರೆಯನ್ನು ಅರ್ಧಕ್ಕೆ ಇಳಿಸುತ್ತೇನೆ. ಲಾರೆನ್ಸ್ ನೂರು ವರ್ಷದ ಹಿಂದೆ ಗುರುತಿಸಿದ ಜಗಳಕ್ಕೆ ನನ್ನ ಬೆರಳ ತುದಿಯಲ್ಲಿ ಒಂದು ರಾಜಿಸೂತ್ರವಿದೆ. ಆದರೂ ಜೇಬಿನಲ್ಲಿ ಗ್ಲೂಕೋಸ್ ಪುಡಿ ಇಲ್ಲದೆ ಹೊರಡುವುದಿಲ್ಲ. ಹತ್ತಿಳಿದ ರಾತ್ರಿ ನಿದ್ದೆಯಲ್ಲಿ ಸಕ್ಕರೆ ಇಳಿಯುವುದುಂಟು.

ಪಂಪ್ ಇದ್ದರೆ ಮಾತ್ರ ಆಟ ಎಂದಲ್ಲ. ವಾಸಿಂ ಅಕ್ರಂಗೆ ಸಕ್ಕರೆ ಕಾಯಿಲೆ ಬಂದದ್ದು 1997ರ ಸುಮಾರಿಗೆ, ಆಟದ ಉತ್ತುಂಗದಲ್ಲಿದ್ದಾಗ. 1999ರ ಚೆನ್ನೈ ಟೆಸ್ಟಿನಲ್ಲಿ ನಮ್ಮ ರಾಹುಲ್ ದ್ರಾವಿಡ್ ಅವರ ಸ್ಟಂಪು ಹಾರಿಸಿದ ಆ ಎಸೆತವನ್ನು ನೆನೆದು ಇವತ್ತಿಗೂ ನನ್ನ ಚಿಕ್ಕಪ್ಪ ಹಲುಬುತ್ತಾರೆ. ಅದನ್ನು ಎಸೆದದ್ದು ಇನ್ಸುಲಿನ್ ಚುಚ್ಚಿಕೊಂಡು ಬದುಕುತ್ತಿದ್ದ ತೋಳು ಎಂದು ಹೇಳಿದಾಗ ಅವರು ನಂಬಲಿಲ್ಲ. ಅಮೆರಿಕದ ಈಜುಗಾರ ಗ್ಯಾರಿ ಹಾಲ್‌ಗೆ 1999ರಲ್ಲಿ ಟೈಪ್ 1 ಎಂದು ತಿಳಿದಾಗ ಈಜು ಮುಗಿಯಿತು ಎಂದಿದ್ದರಂತೆ. 2000ದ ಸಿಡ್ನಿ ಮತ್ತು 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ 50 ಮೀಟರ್ ಫ್ರೀಸ್ಟೈಲ್‌ನಲ್ಲಿ ಅವರು ಚಿನ್ನ ಗೆದ್ದರು. ಪಂಪ್ ಮಾಡಿದ್ದು ಈ ಸಾಧ್ಯತೆಯನ್ನು ಒಲಿಂಪಿಕ್ಸಿನವರಲ್ಲದ, ನನ್ನಂಥ ಮೆಟ್ಟಿಲು ಹತ್ತುವವರ ಕೈಗೆ ತಂದದ್ದು.

ಇನ್ನು ಗುಟ್ಟಿನ ವಿಷಯ. ಸೂಜಿಯನ್ನು ಬಚ್ಚಲುಮನೆಯಲ್ಲಿ ಅಡಗಿ ಚುಚ್ಚಿಕೊಳ್ಳಬಹುದು, ಪಂಪ್ ಅಡಗಿಸುವುದು ಕಷ್ಟ. 1998ರ ಸೆಪ್ಟೆಂಬರ್‌ನಲ್ಲಿ ಮಿಸ್ ಅಮೆರಿಕ ಕಿರೀಟ ತೊಟ್ಟ ನಿಕೋಲ್ ಜಾನ್ಸನ್ ಪಂಪ್ ಧರಿಸಿದ್ದರು. 2014ರಲ್ಲಿ ಐಡಹೊ ರಾಜ್ಯದ ಸ್ಪರ್ಧೆಯಲ್ಲಿ ಸಿಯೆರಾ ಸ್ಯಾಂಡಿಸನ್ ಈಜುಡುಗೆಯ ಸುತ್ತಿನಲ್ಲಿ ಸೊಂಟದ ಪಂಪನ್ನು ಎಲ್ಲರಿಗೂ ಕಾಣುವಂತೆ ಸಿಕ್ಕಿಸಿಕೊಂಡು ವೇದಿಕೆಗೆ ಬಂದರು. ಧೈರ್ಯ ಕೊಟ್ಟದ್ದು ನಿಕೋಲ್ ಕತೆ ಎಂದರು. ಆ ಫೋಟೊ ಲೋಕವೆಲ್ಲ ಸುತ್ತಿತು, ಸಾವಿರಾರು ಜನ ತಮ್ಮ ತಮ್ಮ ಪಂಪಿನ ಚಿತ್ರ ಹಾಕಿದರು. ಸೌಂದರ್ಯ ಸ್ಪರ್ಧೆಗಳ ಬಗ್ಗೆ ನನಗೆ ನೂರು ತಕರಾರುಗಳಿವೆ. ಆದರೂ ಎಲಿಜಬೆತ್ ಹ್ಯೂಸ್ ಅಳಿಸಿದ ಸಾಲುಗಳನ್ನು ಈ ಹುಡುಗಿಯರು ತಿರುಗಿ ಬರೆದರು ಎಂದೇ ನನಗೆ ಅನ್ನಿಸುತ್ತದೆ.

ಕಾಯುವುದನ್ನು ನಿಲ್ಲಿಸಿದವರೂ ಇದ್ದಾರೆ. ಅಮೆರಿಕದ ಡೇನಾ ಲೂಯಿಸ್‌ಗೆ ರಾತ್ರಿ ಸಕ್ಕರೆ ಇಳಿದಾಗ ಕೂಗುವ ಸಾಧನದ ಅಲಾರಂ ನಿದ್ದೆಯಿಂದ ಎಬ್ಬಿಸುವಷ್ಟು ಜೋರಾಗಿರಲಿಲ್ಲ. ಅದನ್ನು ಜೋರುಮಾಡಲು ಹೊರಟವರು, ಸಂಗಾತಿ ಸ್ಕಾಟ್ ಲೀಬ್ರಾಂಡ್ ಜೊತೆ ಸೇರಿ, ಸಕ್ಕರೆ ಅಳೆಯುವ ಸೆನ್ಸರ್ ಹೇಳಿದ್ದನ್ನು ಕೇಳಿ ಪಂಪ್ ತಾನೇ ಇನ್ಸುಲಿನ್ ಏರಿಸಿ ಇಳಿಸುವ ವ್ಯವಸ್ಥೆಯನ್ನು 2014ರ ಕೊನೆಗೆ ಮನೆಯಲ್ಲೇ ಕಟ್ಟಿಬಿಟ್ಟರು. ಕೆಲವು ಹಳೆಯ ಪಂಪ್‌ಗಳಲ್ಲಿದ್ದ ಭದ್ರತಾ ಲೋಪವೊಂದು ಇದಕ್ಕೆ ದಾರಿಯಾಯಿತು. ಅದರ ವಿನ್ಯಾಸವನ್ನು ಎಲ್ಲರಿಗೂ ಉಚಿತವಾಗಿ ತೆರೆದಿಟ್ಟರು. ಕಂಪನಿ ತಯಾರಿಸಿದ ಅಂಥ ಮೊದಲ ಯಂತ್ರಕ್ಕೆ ಅಮೆರಿಕ ಸರ್ಕಾರದ ಒಪ್ಪಿಗೆ ಸಿಕ್ಕಿದ್ದು 2016ರ ಸೆಪ್ಟೆಂಬರ್‌ನಲ್ಲಿ.

ಪಂಪನ್ನು ಹೊಗಳುತ್ತಾ ಹೋದರೆ ಅದು ಜಾಹೀರಾತಾಗುತ್ತದೆ, ಚರಿತ್ರೆಯಾಗುವುದಿಲ್ಲ. ಪಂಪಿನಲ್ಲಿರುವುದು ಬೇಗ ಕೆಲಸಮಾಡಿ ಬೇಗ ಮುಗಿಯುವ ಇನ್ಸುಲಿನ್ ಮಾತ್ರ. ನಳಿಕೆ ಮಡಚಿದರೆ, ಕಟ್ಟಿಕೊಂಡರೆ, ದೇಹದಲ್ಲಿ ದಾಸ್ತಾನಿಲ್ಲ. ಕೆಲವೇ ಗಂಟೆಗಳಲ್ಲಿ ರಕ್ತ ಆಮ್ಲೀಯವಾಗಿ ಆಸ್ಪತ್ರೆ ಸೇರಬೇಕಾದೀತು. ನನಗೆ ಒಮ್ಮೆ ಹಾಗಾಗಿದೆ. ರಾತ್ರಿ ಬಸ್ಸಿನಲ್ಲಿ ನಳಿಕೆ ಕಿತ್ತುಬಂದದ್ದು ತಿಳಿಯದೆ ಮಲಗಿದ್ದೆ. ಬೆಳಿಗ್ಗೆ ವಾಂತಿ ಮಾಡುತ್ತಾ ಬಸ್ಸಿನಿಂದ ಇಳಿದೆ. ಪಂಪ್ ಮೇದೋಜೀರಕ ಗ್ರಂಥಿಯಲ್ಲ. ಅದೊಂದು ವಿಧೇಯ ಯಂತ್ರ, ಯೋಚನೆಯ ಬಹುಪಾಲು ನನ್ನದೇ.

ಎಲ್ಲಕ್ಕಿಂತ ದೊಡ್ಡ ಮಾತು ದುಡ್ಡಿನದು. ಒಂದು ಡಾಲರಿನ ಪೇಟೆಂಟಿನಿಂದ ಹೊರಟ ಚರಿತ್ರೆ ನಮ್ಮ ಮನೆ ಮುಟ್ಟುವಾಗ ಲಕ್ಷಗಳ ಲೆಕ್ಕವಾಗಿತ್ತು. ನನ್ನ ಪಂಪಿಗೆ ಹೋದದ್ದು ಅಪ್ಪನ ಎರಡು ವರ್ಷದ ಕೊಬ್ಬರಿ ದುಡ್ಡು. ತಿಂಗಳು ತಿಂಗಳೂ ಬೇಕಾಗುವ ನಳಿಕೆ, ಕೊಳವೆ, ಸೆನ್ಸರ್‌ಗಳಿಗೆ ಫೆಲೋಶಿಪ್ಪಿನ ದೊಡ್ಡ ಪಾಲು. ಇಂಗ್ಲೆಂಡಿನಲ್ಲಿ ಪಂಪನ್ನೂ ಸೆನ್ಸರನ್ನೂ ಜೋಡಿಸಿದ ವ್ಯವಸ್ಥೆಯನ್ನು ಟೈಪ್ 1 ಇರುವ ಮಕ್ಕಳಿಗೆಲ್ಲ ಸಾರ್ವಜನಿಕ ಆರೋಗ್ಯ ಸೇವೆಯಲ್ಲೇ ಕೊಡಬೇಕೆಂದು 2023ರ ಡಿಸೆಂಬರ್‌ನಲ್ಲಿ ಶಿಫಾರಸು ಮಾಡಿದರು. ನಮ್ಮಲ್ಲಿ ಎಷ್ಟೋ ಮಕ್ಕಳು ಇನ್ನೂ ಗಡಿಯಾರದ ಕಾಲದಲ್ಲೇ ಇದ್ದಾರೆ. ಯಾವ ಶತಮಾನದಲ್ಲಿ ಬದುಕುತ್ತೀರಿ ಎಂಬುದನ್ನು ತಾರೀಖು ತೀರ್ಮಾನಿಸುವುದಿಲ್ಲ, ಅಪ್ಪನ ಬಳಿ ಎಷ್ಟು ತೆಂಗಿನ ಮರಗಳಿವೆ ಎಂಬುದು ತೀರ್ಮಾನಿಸುತ್ತದೆ. ಗಂಜಿ ಕೇಂದ್ರದ ಕಡತಗಳೂ ನನಗೆ ಇದನ್ನೇ ಕಲಿಸಿವೆ: ಊಟ ಇದ್ದರೆ ಸಾಲದು, ಅದು ಯಾರ ಕೈಗೆ ತಲುಪುತ್ತದೆ ಎಂದು ಕೇಳಬೇಕು.

ಹೋದ ವರ್ಷ ಊರಿನಲ್ಲಿ ಮತ್ತೊಂದು ಮದುವೆ. ಎಂದಿನಂತೆ ಪಂಕ್ತಿ ತಡ. ಸೀರೆಯ ಸೆರಗಿನ ಪಕ್ಕ ಪಂಪ್ ಕಾಣುತ್ತಿತ್ತು. ನಾನು ಮುಚ್ಚಲಿಲ್ಲ, ಅಮ್ಮನೂ ಮುಚ್ಚು ಎನ್ನಲಿಲ್ಲ. ಪಕ್ಕದೂರಿನ ಒಬ್ಬ ತಾಯಿ ಅಮ್ಮನ ಹತ್ತಿರ ಬಂದು ಮೆಲ್ಲಗೆ ಕೇಳಿದರು, “ನಮ್ಮ ಹುಡುಗಿಗೂ ಅದೇ ಅಕ್ಕ. ಇದು ಹಾಕಿಸಿದ್ರೆ ವಾಸಿ ಆಗುತ್ತಂತಾ?” ಅವರ ಹಿಂದೆ ಒಂಬತ್ತು ವರ್ಷದ ಹುಡುಗಿ, ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣ. ವಾಸಿಯಾಗುವುದಿಲ್ಲ ಎಂದೆ. ಬೆಲೆ ಎಷ್ಟೆಂದು ಕೇಳಿದರು, ಹೇಳಿದೆ. ಅವರು ಮತ್ತೆ ಆ ಮಾತೆತ್ತಲಿಲ್ಲ.

ಹುಡುಗಿ ಮಾತ್ರ ಅಲ್ಲೇ ನಿಂತಿದ್ದಳು. “ಅಕ್ಕಾ, ಇದಿದ್ರೆ ಹಸಿವಾದಾಗ ಮಾತ್ರ ಊಟ ಮಾಡ್ಬೋದಾ?” ಎಂದಳು. ಮೂರು ಸಲ ಬೇಯಿಸಿದ ತರಕಾರಿಯಿಂದ ನೀಲಿ ಇಟ್ಟಿಗೆಯವರೆಗಿನ ನೂರು ವರ್ಷದ ಪ್ರಶ್ನೆಯನ್ನು ಅವಳು ಒಂದೇ ಸಾಲಿನಲ್ಲಿ ಕೇಳಿದ್ದಳು. ಹೌದು ಎಂದೆ. ಪಂಕ್ತಿ ಕೂರುವ ತನಕ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅನ್ನಕ್ಕೆ ಎಷ್ಟು, ಹೋಳಿಗೆಗೆ ಎಷ್ಟು ಇನ್ಸುಲಿನ್ ಎಂದು ನಾನು ಹೇಗೆ ಲೆಕ್ಕ ಹಾಕುತ್ತೇನೆಂದು ತೋರಿಸಿದೆ. ಲೆಕ್ಕಕ್ಕೆ ದುಡ್ಡು ಬೇಕಿಲ್ಲವಲ್ಲ. ಅವಳು ಬೇಗ ಕಲಿತಳು. ಅಷ್ಟರಲ್ಲಿ ಅವಳ ಬಿಸ್ಕತ್ತಿನ ಹೊತ್ತಾಯಿತು. ಹಸಿವಿಲ್ಲ ಎಂದಳು. ಆದರೂ ತಿನ್ನಿಸಿದೆ.